ಓಟದ ಬೂಟಿಗೆ ಎಷ್ಟುದ್ದದ ಮೊಳೆ?

ಆಗಸ್ಟ್ ತಿಂಗಳ ಒಂದು ಸಂಜೆ. ಹೊರಗೆ ಮಳೆ ಬಿಡದೆ ಸುರಿಯುತ್ತಿದೆ. ಕಂಕನಾಡಿಯ ಹುಡುಗಿಯೊಬ್ಬಳು ತಂದೆಯ ಜೊತೆ ಪೇಟೆಯ ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ನಿಂತಿದ್ದಾಳೆ ಎಂದಿಟ್ಟುಕೊಳ್ಳೋಣ. ಓದುತ್ತಿರುವುದು ಮೊದಲ ಪಿಯುಸಿ. ಕೆಲವೇ ದಿನಗಳಲ್ಲಿ ಗುಡ್ಡಗಾಡು ಓಟದ ಸ್ಪರ್ಧೆ. ಈವರೆಗೆ ಬರಿಗಾಲಲ್ಲೋ, ಹಳೆಯ ಕ್ಯಾನ್ವಾಸ್ ಬೂಟಿನಲ್ಲೋ ಓಡಿದವಳಿಗೆ ಈ ಸಲ ಸ್ಪೈಕ್ಸ್ ಕೊಡಿಸಲು ತಂದೆ ಒಪ್ಪಿದ್ದಾರೆ.

“ಯಾವುದಕ್ಕೆ? ಟ್ರ್ಯಾಕಿಗಾ, ಕ್ರಾಸ್ ಕಂಟ್ರಿಗಾ?” ಅಂಗಡಿಯವರ ಪ್ರಶ್ನೆ.

“ಕ್ರಾಸ್ ಕಂಟ್ರಿಗೆ.”

“ಮೊಳೆ ಎಷ್ಟರದ್ದು ಬೇಕು? ಆರು ಉಂಟು, ಒಂಬತ್ತು ಉಂಟು, ಹನ್ನೆರಡು ಉಂಟು. ಹದಿನೈದರದ್ದು ಬೇಕಾದರೆ ತರಿಸಿ ಕೊಡುವ.”

“ಇದ್ದದ್ದರಲ್ಲಿ ಉದ್ದದ್ದೇ ಕೊಡಿ ಮಾರಾಯ್ರೆ. ಮಳೆಗಾಲ ಅಲ್ವಾ, ಜಾರಬಾರದು.”

“ಪಪ್ಪಾ, ಓಟ ಎಲ್ಲಿ ಅಂತ ಇನ್ನೂ ಹೇಳಲಿಲ್ಲ,” ಎನ್ನುತ್ತಾಳೆ ಮಗಳು.

ಇಷ್ಟು ಸಂಭಾಷಣೆಯಲ್ಲಿ ವಿಜ್ಞಾನಕ್ಕೆ ಹತ್ತಿರವಾದ ಮಾತು ಮಗಳದೇ. ಮೊಳೆಯ ಉದ್ದವನ್ನು ನಿರ್ಧರಿಸಬೇಕಾದದ್ದು ಮಳೆಯೂ ಅಲ್ಲ, ಬೆಲೆಯೂ ಅಲ್ಲ, ಓಡುವ ನೆಲ. ಉದ್ದ ಮೊಳೆ ಎಂದರೆ ಹೆಚ್ಚು ಹಿಡಿತ ಎಂಬುದು ಮೇಲ್ನೋಟಕ್ಕೆ ಸರಿಯೆನಿಸುವ ತಪ್ಪು ಲೆಕ್ಕ. ಮಂಗಳೂರಿನಂಥ ಊರಿನಲ್ಲಂತೂ ಈ ತಪ್ಪಿಗೆ ತೆರಬೇಕಾದ ಬೆಲೆ ಹಣ ಮಾತ್ರವಲ್ಲ, ಕೆಲವೊಮ್ಮೆ ಮಗುವಿನ ಕಾಲಿನ ಗಂಟು.

ಮೊಳೆ ಮಾಡುವ ಕೆಲಸವನ್ನು ಅರಿಯಲು ಹಸು ಕಟ್ಟುವ ಗೂಟವನ್ನು ನೆನೆಸಿಕೊಂಡರೆ ಸಾಕು. ಗುಡ್ಡೆಯಲ್ಲಿ ಹಸುವನ್ನು ಮೇಯಲು ಕಟ್ಟುವವರು ಗಟ್ಟಿ ಮಣ್ಣಿನಲ್ಲಿ ಗೇಣುದ್ದದ ಗೂಟ ಹೊಡೆಯುತ್ತಾರೆ, ಅದು ಅಲುಗುವುದಿಲ್ಲ. ಮಳೆಗೆ ಮೆತ್ತಗಾದ ನೆಲದಲ್ಲಿ ಅದೇ ಗೂಟವನ್ನು ಹಸು ಒಂದೇ ಜಗ್ಗಿಗೆ ಕಿತ್ತುಕೊಂಡು ಹೋಗುತ್ತದೆ. ಅಲ್ಲಿ ಉದ್ದದ ಗೂಟವೇ ಬೇಕು. ಪಾದೆಕಲ್ಲಿನ ಮೇಲೆ ಗೂಟ ಇಳಿಯುವುದೇ ಇಲ್ಲ. ಕೆಸರು ಗದ್ದೆಯಲ್ಲಿ ಎಷ್ಟುದ್ದದ್ದು ಹೊಡೆದರೂ ಪ್ರಯೋಜನವಿಲ್ಲ. ಓಟಗಾರನ ಬೂಟಿನ ಅಡಿಯಲ್ಲಿರುವ ಆರೇಳು ಮೊಳೆಗಳೂ ಪುಟ್ಟ ಗೂಟಗಳೇ. ಹಸು ಹಗ್ಗ ಎಳೆದಂತೆ ಓಟಗಾರ ನೆಲವನ್ನು ಹಿಂದಕ್ಕೆ ದೂಡುತ್ತಾನೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೆಲ ಅವನನ್ನು ಮುಂದಕ್ಕೆ ದೂಡುತ್ತದೆ. ಗೂಟ ಮಣ್ಣಿನಲ್ಲಿ ನಿಂತರೆ ಮಾತ್ರ ಈ ಕೊಡುಕೊಳ್ಳುವಿಕೆ ನಡೆದೀತು.

ಮೊಳೆ ಮಣ್ಣಿಗೆ ಇಳಿಯುವುದಾದರೂ ಹೇಗೆ? ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪ್ರೌಢಶಾಲೆಯ ಪಾಠದಲ್ಲಿ ಬರುತ್ತದೆ. ಹುಡುಗಿಯ ತೂಕ 45 ಕಿಲೊ ಎನ್ನಿ. ಓಡುವಾಗ ಪಾದ ನೆಲಕ್ಕೂರಿದ ಗಳಿಗೆಯಲ್ಲಿ ಅದರ ಮೇಲೆ ಬೀಳುವ ಭಾರ ದೇಹತೂಕದ ಸುಮಾರು ಎರಡೂವರೆ ಪಟ್ಟು, ಅಂದರೆ 112 ಕಿಲೊ. ಪಾದದ ಮುಂಭಾಗ 50 ಚದರ ಸೆಂಟಿಮೀಟರ್ ಇದ್ದರೆ ಒಂದೊಂದು ಚದರ ಸೆಂಟಿಮೀಟರಿಗೆ ಎರಡು ಕಿಲೊಗಿಂತ ತುಸು ಹೆಚ್ಚು ಭಾರ. ಅದೇ ಭಾರ ಒಂದು ಮಿಲಿಮೀಟರ್ ದಪ್ಪದ ಆರು ಮೊಳೆ ತುದಿಗಳ ಮೇಲೆ ಬಿದ್ದರೆ ಒತ್ತಡ ಸಾವಿರ ಪಟ್ಟು ಏರುತ್ತದೆ. ಮಣ್ಣು ಇದನ್ನು ತಾಳಲಾರದೆ ದಾರಿ ಬಿಡುತ್ತದೆ, ಮೊಳೆ ಬುಡದವರೆಗೆ ಇಳಿಯುತ್ತದೆ. ಆಗ ಭಾರವನ್ನು ಮತ್ತೆ ಬೂಟಿನ ಅಟ್ಟೆಯೇ ಹೊರುತ್ತದೆ. ಈ ಕೊನೆಯ ಹಂತ ಬಹಳ ಮುಖ್ಯ. ಮೊಳೆ ಪೂರ್ತಿ ಇಳಿದು ಅಟ್ಟೆ ನೆಲಕ್ಕೆ ತಾಗಿದರೆ ಮಾತ್ರ ಓಟಗಾರ ಸುರಕ್ಷಿತ. ಅರ್ಧ ಇಳಿದು ನಿಂತರೆ ಅವನು ಓಡುತ್ತಿರುವುದು ನೆಲದ ಮೇಲಲ್ಲ, ಆರು ಸಣ್ಣ ಮರಗಾಲುಗಳ ಮೇಲೆ.

ಮಂಗಳೂರಿನ ಸಮಸ್ಯೆ ಇಲ್ಲಿಂದಲೇ ಶುರು. ಕಂಕನಾಡಿಯಿಂದ ಹೊರಟು ಯಾವ ದಿಕ್ಕಿಗೆ ಹೋದರೂ ಸಿಗುವುದು ಮುರಕಲ್ಲು. ವಾಮಂಜೂರಿನ ಕಡೆಯ ಗುಡ್ಡೆಗಳು, ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯ ಎತ್ತರ, ಊರ ಹೆಸರುಗಳಲ್ಲೆಲ್ಲ ಉಳಿದುಕೊಂಡಿರುವ ‘ಪದವು’ಗಳು, ಎಲ್ಲವೂ ಈ ಕೆಂಪು ಕಲ್ಲಿನ ಮೇಲೆ ನಿಂತಿವೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟವರು ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಅವರು ಮಲಬಾರಿನ ಅಂಗಾಡಿಪುರದಲ್ಲಿ ಜನರು ನೆಲದಿಂದಲೇ ಇಟ್ಟಿಗೆ ಕಡಿಯುವುದನ್ನು ಕಂಡು, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಈ ಹೆಸರು ಮಾಡಿದರು. 1807ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ನೆಲದಡಿಯಲ್ಲಿರುವಾಗ ಕತ್ತಿಗೂ ಮಣಿಯುವ ಈ ಕಲ್ಲು ಗಾಳಿ ಬಿಸಿಲಿಗೆ ಬಿದ್ದು ಒಣಗಿದಂತೆ ಗಟ್ಟಿಯಾಗುತ್ತದೆ. ಮನೆ ಕಟ್ಟುವವರಿಗೆ ಇದು ವರ, ಸ್ಪೈಕ್ಸ್ ತೊಟ್ಟವರಿಗೆ ಶಾಪ.

ಬಯಲಾದ ಮುರಕಲ್ಲಿನ ಮೇಲೆ ಮೊಳೆ ಇಳಿಯುವುದಿಲ್ಲ. ಉಕ್ಕಿನ ತುದಿ ಕಲ್ಲಿನ ಮೇಲೆ ಕರಕರ ಸದ್ದು ಮಾಡುತ್ತ ಜಾರುತ್ತದೆ. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ ಹಿಡಿದಿದ್ದರೆ ಹೇಳುವುದೇ ಬೇಡ. ಇನ್ನೊಂದು ಅಪಾಯವೂ ಇದೆ. ಮುರಕಲ್ಲಿನ ಮೈಯೆಲ್ಲ ತೂತು. ಹತ್ತು ಹೆಜ್ಜೆ ಜಾರಿದ ಮೊಳೆ ಹನ್ನೊಂದನೆಯ ಹೆಜ್ಜೆಯಲ್ಲಿ ಒಂದು ತೂತಿಗೆ ಸಿಕ್ಕಿಕೊಂಡರೆ ಪಾದ ಅಲ್ಲೇ ನಿಲ್ಲುತ್ತದೆ, ದೇಹ ಮುಂದೆ ಹೋಗುತ್ತದೆ. ನಡುವೆ ತಿರುಚಿಕೊಳ್ಳುವುದು ಮೊಣಕಾಲು. ಮೊಳೆ 15 ಮಿ.ಮೀ. ಉದ್ದದ್ದಾದರೆ ಪಾದ ಅಷ್ಟೇ ಎತ್ತರದಲ್ಲಿ ತೂಗಾಡುವುದರಿಂದ ಹರಡು ಹೊರಳುವುದೂ ಸುಲಭ. ಮೊಳೆಗಳ ಬುಡ ಅಂಗಾಲನ್ನು ಒತ್ತುತ್ತದೆ. ಮುಂಗಾಲು ಮೇಲೆ, ಹಿಮ್ಮಡಿ ಕೆಳಗೆ ಆಗುವುದರಿಂದ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೂ ಎಳೆತ.

ಹಾಗಾದರೆ ಇಲ್ಲಿ ಏನು ತೊಡಬೇಕು? ರಬ್ಬರ್ ಅಟ್ಟೆಯ, ಅಡಿಯಲ್ಲಿ ಗುಬ್ಬಿಗಳಿರುವ ಸಾದಾ ಓಟದ ಬೂಟು. ಚುರುಕು ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳಬಹುದು. ಘರ್ಷಣೆ ತಾಗುವ ವಿಸ್ತೀರ್ಣವನ್ನು ಅವಲಂಬಿಸಿಲ್ಲ ಎಂದು ಪುಸ್ತಕದಲ್ಲಿದೆಯಲ್ಲ, ಮತ್ತೆ ಆರು ಮೊಳೆಗಿಂತ ಅಗಲದ ರಬ್ಬರ್ ಏಕೆ ಮೇಲು? ಪುಸ್ತಕದ ನಿಯಮ ಗಟ್ಟಿ ವಸ್ತುಗಳಿಗೆ ಹೆಚ್ಚುಕಡಿಮೆ ಸರಿ. ರಬ್ಬರ್ ಹಾಗಲ್ಲ. ಅದು ಭಾರಕ್ಕೆ ಬಗ್ಗಿ ಕಲ್ಲಿನ ಉಬ್ಬುತಗ್ಗುಗಳೊಳಗೆ ತಾನೇ ಇಳಿಯುತ್ತದೆ. ಮೊಳೆ ಮಣ್ಣಿನಲ್ಲಿ ಮಾಡುವ ಕೆಲಸವನ್ನು ರಬ್ಬರ್ ಕಲ್ಲಿನ ಮೇಲೆ ಮಾಡುತ್ತದೆ. ಪಾಚಿಯ ಮೇಲೆ ಮಾತ್ರ ಎರಡೂ ಸೋಲುತ್ತವೆ. ಅಲ್ಲಿ ಓಟಗಾರ ವೇಗ ತಗ್ಗಿಸುವುದೊಂದೇ ಉಪಾಯ, ಬಹುಮಾನ ಕೈತಪ್ಪಿದರೂ ಸರಿಯೇ.

ಡಾಮರು ಮತ್ತು ಕಾಂಕ್ರೀಟಿಗೂ ಇದೇ ಮಾತು ಅನ್ವಯಿಸುತ್ತದೆ. ಓಟದ ಹಾದಿಯಲ್ಲಿ ಕಂಕನಾಡಿಯಿಂದ ಪಂಪ್‌ವೆಲ್‌ಗೆ ಇಳಿಯುವಂಥ ರಸ್ತೆ ಅರ್ಧ ಕಿಲೋಮೀಟರ್ ಇದ್ದರೂ ಸ್ಪೈಕ್ಸ್ ಮನೆಯಲ್ಲಿರಲಿ.

ಮಳೆಗೆ ನೆನೆದ ಹುಲ್ಲುಮೈದಾನ ಸ್ಪೈಕ್ಸಿನ ನಿಜವಾದ ತವರು. ಹುಲ್ಲಿನ ಬೇರು ಮಣ್ಣನ್ನು ಬಿಗಿಹಿಡಿದಿರುತ್ತದೆ. ಮೊಳೆ ಸಲೀಸಾಗಿ ಇಳಿದು ಚೆನ್ನಾಗಿ ನಿಲ್ಲುತ್ತದೆ. ಮಳೆ ನಿಂತು ನಾಲ್ಕು ದಿನ ಬಿಸಿಲು ಕಂಡ ಹುಲ್ಲಿಗೆ 6 ಅಥವಾ 9 ಮಿ.ಮೀ., ನೆನೆದ ಹುಲ್ಲಿಗೆ 9 ಅಥವಾ 12 ಮಿ.ಮೀ. ಸಾಕು. ನವೆಂಬರ್ ದಾಟಿ ಶಾಲಾ ಮೈದಾನದ ಕೆಂಪು ಮಣ್ಣು ಒಣಗಿ ಬಿರುಸಾದ ಮೇಲೆ 6ಕ್ಕಿಂತ ಉದ್ದದ್ದು ಬೇಡ. ಮೇಲೆ ಸಣ್ಣ ಹರಳು ಹರಡಿದ್ದರೆ ಅದೂ ಬೇಡ.

ಇನ್ನು ಕೆಸರು. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆದ್ದರಿಂದ ಇಲ್ಲಿಯ ಮಕ್ಕಳಿಗೆ ಕೆಸರು ಹೊಸತಲ್ಲ. ಆದರೆ ಕೆಸರಿನಲ್ಲಿ ಎರಡು ಬಗೆಯಿದೆ. ಗಟ್ಟಿ ನೆಲದ ಮೇಲೆ ಬೆರಳ ದಪ್ಪಕ್ಕೂ ಕಡಿಮೆ ಲೋಳೆ ಹರಡಿರುವುದು ಒಂದು ಬಗೆ. ಶಾಲಾ ಮೈದಾನದ ಮೂಲೆ, ತೋಟದ ದಾರಿ, ಎರಡು ಬೈಕು ಹೋಗಿ ಕಲಸಿದ ಕಾಲುದಾರಿ ಹೀಗಿರುತ್ತವೆ. ಇಲ್ಲಿ 12 ಅಥವಾ 15 ಮಿ.ಮೀ. ಮೊಳೆ ಲೋಳೆಯನ್ನು ದಾಟಿ ಕೆಳಗಿನ ಗಟ್ಟಿ ಮಣ್ಣನ್ನು ಮುಟ್ಟುತ್ತದೆ. ಅಂಗಡಿಯಲ್ಲಿ ತಂದೆಯ ಮನಸ್ಸಿನಲ್ಲಿದ್ದದ್ದು ಬಹುಶಃ ಈ ನೆಲ. ಇದಕ್ಕೆ ಅವರ ಮಾತು ಸರಿಯೇ. ಎರಡನೆಯದು ಗದ್ದೆಯ ಕೆಸರು. ಉತ್ತು ನೀರು ನಿಲ್ಲಿಸಿದ ಗದ್ದೆಯಲ್ಲಿ ಗಟ್ಟಿ ತಳ ಇದ್ದೇ ಇರುತ್ತದೆ, ಆದರೆ ಅದು ಗೇಣು ಕೆಳಗೆ. ಒಂದೂವರೆ ಸೆಂಟಿಮೀಟರಿನ ಮೊಳೆ ಅದನ್ನು ಮುಟ್ಟುವುದೆಂತು? ಬದಲಿಗೆ ಮೊಳೆಗಳ ನಡುವೆ ಕೆಸರು ಹುಲ್ಲು ಕಚ್ಚಿಕೊಂಡು ಬೂಟು ಕುಂಬಾರನ ಮುದ್ದೆಯಾಗುತ್ತದೆ.

ಈ ಭಾರವೂ ಕಡಿಮೆಯದಲ್ಲ. ಒಂದೊಂದು ಬೂಟಿಗೆ 200 ಗ್ರಾಂ ಕೆಸರು ಮೆತ್ತಿತೆನ್ನಿ. ಹೆಜ್ಜೆಗೆ ಒಂದೂಕಾಲು ಮೀಟರಿನಂತೆ 4 ಕಿ.ಮೀ. ಓಟಕ್ಕೆ 3,200 ಹೆಜ್ಜೆ. ಓಟ ಮುಗಿಯುವಾಗ ಆ ಹುಡುಗಿ ಚೂರುಚೂರಾಗಿ ಎತ್ತಿದ ಕೆಸರು 640 ಕಿಲೊ! ಪಿಕಪ್ ಗಾಡಿಗೆ ಹೇರಬಹುದಾದಷ್ಟು.

ಗದ್ದೆಯ ಕೆಸರಿನಲ್ಲಿ ಹೇಗೆ ಓಡಬೇಕೆಂದು ತುಳುನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಬಳದ ಓಟಗಾರರು ಕೋಣಗಳ ಹಿಂದೆ ಬರಿಗಾಲಲ್ಲೇ ಓಡುತ್ತಾರೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶದಲ್ಲೆಲ್ಲ ಹರಡಿತು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ ಅವರ 9.58 ಸೆಕೆಂಡಿನ ವಿಶ್ವದಾಖಲೆಗಿಂತ ಕಡಿಮೆ! ಕೇಂದ್ರ ಕ್ರೀಡಾ ಸಚಿವರು ಗೌಡರನ್ನು ಟ್ರ್ಯಾಕಿನ ಪರೀಕ್ಷೆಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ. ಕಂಬಳದಲ್ಲಿ ಹಿಮ್ಮಡಿಯೂರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ತುದಿಗಾಲಲ್ಲಿ ಓಡಬೇಕು ಎಂಬರ್ಥದ ಮಾತು ಹೇಳಿದರು. ಕೋಣಗಳ ಎಳೆತದ ಪಾಲನ್ನು ಮರೆತು ಲೆಕ್ಕ ಹಾಕಿದವರಿಗಿಂತ ಅವರ ಈ ಮಾತು ಹೆಚ್ಚು ವೈಜ್ಞಾನಿಕ. ಸ್ಪೈಕ್ಸಿನ ಮೊಳೆಗಳೆಲ್ಲ ಮುಂಗಾಲಿನ ಅಡಿಯಲ್ಲಿ ಇರುವುದೂ ಇದೇ ಕಾರಣಕ್ಕೆ. ತುದಿಗಾಲಲ್ಲಿ ದೂಡುವವರಿಗಾಗಿ ಮಾಡಿದ ಬೂಟು ಅದು. ಹಿಮ್ಮಡಿಯೂರಿ ಓಡುವ ಮಗುವಿಗೆ ಕೊಡಿಸಿದರೆ ಮೊಳೆಗಳಿಗೆ ಕೆಲಸವೇ ಸಿಗುವುದಿಲ್ಲ.

ಹಾಗೆಂದು ಬರಿಗಾಲೇ ಎಲ್ಲಕ್ಕೂ ಉತ್ತಮವೆನ್ನುವಂತಿಲ್ಲ. ಬರಿಗಾಲ ಓಟಕ್ಕೆ ಹೆಸರಾದ ಜೋಲಾ ಬಡ್ 1985 ಮತ್ತು 1986ರಲ್ಲಿ ವಿಶ್ವ ಗುಡ್ಡಗಾಡು ಓಟದ ಚಾಂಪಿಯನ್ ಆಗಿದ್ದರೆಂಬುದು ನಿಜ. ಆದರೆ ನಮ್ಮ ಹಾದಿಗಳಲ್ಲಿ ಮುರಕಲ್ಲಿನ ಚೂಪು ಹರಳು, ಒಡೆದ ಬಾಟಲಿ, ಮುಳ್ಳು ಎಲ್ಲವೂ ಇವೆ. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರದ ಭಯವೂ ಉಂಟು. ಅದರ ರೋಗಾಣು ನಿಂತ ನೀರು ಮತ್ತು ಕೆಸರಿನಿಂದ ಚರ್ಮದ ಗಾಯದ ಮೂಲಕ ಒಳಹೊಗುತ್ತದೆ. ಕಾಲಿನಲ್ಲಿ ಸಣ್ಣ ಗಾಯವಿದ್ದರೂ ಕೆಸರಿಗೆ ಬರಿಗಾಲಲ್ಲಿ ಇಳಿಸಬಾರದು. ಓಟದ ನಂತರ ಒಂದೆರಡು ವಾರದಲ್ಲಿ ಜ್ವರ ಬಂದರೆ ಕೆಸರಿನಲ್ಲಿ ಓಡಿದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಪಣಂಬೂರು, ತಣ್ಣೀರುಬಾವಿ, ಉಳ್ಳಾಲದ ಕಡಲತೀರಗಳಲ್ಲಿ ಅಭ್ಯಾಸ ಮಾಡುವವರಿಗೂ ಸ್ಪೈಕ್ಸ್ ಬೇಕಿಲ್ಲ. ಒಣ ಮರಳಿನ ಕಣಗಳ ನಡುವೆ ಅಂಟಿಲ್ಲ, ಮೊಳೆ ಅದನ್ನು ಉತ್ತುಕೊಂಡು ಹೋಗುತ್ತದೆ. ತೆರೆ ಬಂದು ಹೋದ ಒದ್ದೆ ಮರಳಿನ ಪಟ್ಟಿ ಮಾತ್ರ ಗಟ್ಟಿ. ಅಲ್ಲಿ ಕಾಲೂರಿದಾಗ ಪಾದದ ಸುತ್ತ ಮರಳು ತಟ್ಟನೆ ಒಣಗಿದಂತೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿರಬಹುದು. ಒತ್ತಾಗಿ ಕೂತ ಕಣಗಳು ಭಾರಕ್ಕೆ ಸರಿಯುವಾಗ ಅವುಗಳ ನಡುವಿನ ಜಾಗ ಹಿಗ್ಗುತ್ತದೆ. ಮೇಲಿನ ನೀರು ಆ ಜಾಗಕ್ಕೆ ಹೀರಲ್ಪಟ್ಟು ಮರಳು ಬಿಗಿಯಾಗುತ್ತದೆ. ಇದನ್ನು 1885ರಲ್ಲಿ ವಿವರಿಸಿದವರು ಓಸ್ಬರ್ನ್ ರೆನಾಲ್ಡ್ಸ್. ಕಡಲತೀರದ ಓಟಕ್ಕೆ ಸಾದಾ ಬೂಟೇ ಸಾಕು ಎನ್ನಲು ಅವರ ವಿವರಣೆ ಒಳ್ಳೆಯ ಆಧಾರ.

ಊರಿನಲ್ಲಿ ಗೆದ್ದವರು ಹೊರಗೂ ಹೋಗಬೇಕಾಗುತ್ತದೆ. ಅಲ್ಲಿ ಮಣ್ಣೇ ಬೇರೆ. ಧಾರವಾಡದ ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ ಅಂಟಾಗುವ ಜಾತಿಯದು; ಮಂಗಳೂರಿನ ಕೆಂಪು ಮಣ್ಣಿನಲ್ಲಿ ಅಷ್ಟು ಉಬ್ಬುವ ಗುಣವಿಲ್ಲ. ಇಲ್ಲಿ ಅದುರಿದರೆ ಬಿದ್ದುಹೋಗುವ ಕೆಸರು ಅಲ್ಲಿ ಬಿಡದೆ ಹತ್ತುತ್ತದೆ. ಅದೇ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕುವಂತೆ ಬಿರುಕು ಬಿಟ್ಟಿರುತ್ತದೆ. ಇಲ್ಲಿಯ ಅನುಭವವನ್ನೇ ನೆಚ್ಚಿ ಅಲ್ಲಿಗೆ ಹೋಗಬಾರದು. ಮಂಗಳಾ ಕ್ರೀಡಾಂಗಣದಂಥ ಸಿಂಥೆಟಿಕ್ ಟ್ರ್ಯಾಕಿನ ಓಟಕ್ಕೆ, 2015ರಲ್ಲಿ ಫೆಡರೇಶನ್ ಕಪ್ ರಾಷ್ಟ್ರೀಯ ಕೂಟ ನಡೆದ ಜಾಗವದು, ಗುಡ್ಡಗಾಡಿನ ಉದ್ದ ಮೊಳೆಯ ಬೂಟನ್ನು ಹಾಕಿಕೊಂಡು ಹೋದರೆ ಟ್ರ್ಯಾಕ್ ಹರಿಯುತ್ತದೆ, ಕಾವಲುಗಾರರ ಬೈಗುಳ ಬೇರೆ.

ನಿಯಮವೂ ಇದಕ್ಕೆ ಗೆರೆ ಹಾಕಿದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಪ್ರಕಾರ ಒಂದು ಬೂಟಿಗೆ 11ಕ್ಕಿಂತ ಹೆಚ್ಚು ಮೊಳೆ ಇರುವಂತಿಲ್ಲ. ಸಿಂಥೆಟಿಕ್ ಟ್ರ್ಯಾಕಿನ ಓಟಕ್ಕೆ ಮೊಳೆಯ ಉದ್ದ ಹೆಚ್ಚೆಂದರೆ 9 ಮಿ.ಮೀ., ಉಳಿದ ನೆಲಗಳಿಗೆ 25 ಮಿ.ಮೀ. ಇಂಥ ನಿಯಮದ ಬಿಸಿ ದೊಡ್ಡವರಿಗೂ ತಟ್ಟಿದೆ. 1968ರಲ್ಲಿ ಅಮೆರಿಕದ ಜಾನ್ ಕಾರ್ಲೋಸ್ 200 ಮೀಟರನ್ನು 19.92 ಸೆಕೆಂಡಿನಲ್ಲಿ ಓಡಿದರೂ, ಅವರ ಬೂಟಿನಡಿಯಲ್ಲಿ ಬ್ರಷ್ಷಿನಂತೆ 68 ಸೂಜಿಗಳಿದ್ದುದರಿಂದ ಅದು ವಿಶ್ವದಾಖಲೆಯಾಗಲಿಲ್ಲ. ಶಾಲೆ ಕಾಲೇಜುಗಳ ಕೂಟಗಳಲ್ಲಿ ಸ್ಪೈಕ್ಸಿಗೆ ಅನುಮತಿ ಇದೆಯೇ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು. ನೂರಾರು ಮಕ್ಕಳು ಒಟ್ಟಿಗೆ ಹೊರಡುವಲ್ಲಿ ಒಬ್ಬಳ ಮೊಳೆ ಇನ್ನೊಬ್ಬಳ ಕಾಲನ್ನು ಸೀಳಬಹುದು.

ಮತ್ತೆ ಅಂಗಡಿಗೆ ಬರೋಣ. ಕೊಳ್ಳುವುದಾದರೆ ಮೊಳೆ ಬಿಚ್ಚಿ ಹಾಕಬಹುದಾದ, ಅಡಿಯಲ್ಲಿ ರಬ್ಬರ್ ಗುಬ್ಬಿಗಳೂ ಇರುವ ಗುಡ್ಡಗಾಡು ಓಟದ ಜೋಡಿಯನ್ನೇ ಕೊಳ್ಳಬೇಕು. ಬೂಟು ಒಂದೇ, ಮೊಳೆ ಮೂರು ಬಗೆ. ಮೊಳೆಗಳ ಬೆಲೆ ಬೂಟಿನ ಬೆಲೆಯ ಮುಂದೆ ಅಲ್ಪ. “ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ” ಎಂದು ಒಂದು ಅಳತೆ ದೊಡ್ಡದು ಕೊಳ್ಳುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ಯೂನಿಫಾರ್ಮಿಗೆ ಅದು ನಡೆದೀತು, ಸ್ಪೈಕ್ಸಿಗೆ ನಡೆಯದು. ಸಡಿಲ ಬೂಟನ್ನು ಕೆಸರು ಕಳಚಿ ಇಟ್ಟುಕೊಳ್ಳುತ್ತದೆ. ಒಳಗೆ ಪಾದ ಜಾರುತ್ತಿದ್ದರೆ ಹೊರಗಿನ ಮೊಳೆ ಹಿಡಿದೂ ಫಲವಿಲ್ಲ. ಅಷ್ಟು ಹಣ ಒಂದೇ ವರ್ಷಕ್ಕೆ ಕೊಡಲು ಕಷ್ಟವೆನಿಸುವ ಮನೆಗಳವರು ಸಂಕೋಚಪಡಬೇಕಿಲ್ಲ. ಒಳ್ಳೆಯ ರಬ್ಬರ್ ಅಟ್ಟೆಯ ಸಾದಾ ಓಟದ ಬೂಟು ಮುರಕಲ್ಲು, ರಸ್ತೆ, ಹರಳು, ಒಣ ನೆಲ ಎಲ್ಲಕ್ಕೂ ಸಲ್ಲುತ್ತದೆ, ದಿನದ ಅಭ್ಯಾಸಕ್ಕೂ ಆಗುತ್ತದೆ. ಇಲ್ಲಿಯ ಹಾದಿಗಳಲ್ಲಿ ಅದು ಸ್ಪೈಕ್ಸಿಗೆ ಸೋಲುವುದು ನೆನೆದ ಹುಲ್ಲು ಮತ್ತು ತೆಳು ಲೋಳೆಯ ಮೇಲೆ ಮಾತ್ರ. ಎರಡರಲ್ಲಿ ಒಂದನ್ನೇ ಕೊಳ್ಳಲು ಶಕ್ತಿಯಿದ್ದರೆ ಅದನ್ನೇ ಮೊದಲು ಕೊಡಿಸಬೇಕು.

ಓಟದ ಹಾದಿಯನ್ನು ಹಿಂದಿನ ದಿನ, ಇಲ್ಲವೇ ಆ ಬೆಳಿಗ್ಗೆ, ಪೂರ್ತಿ ನಡೆದು ನೋಡುವುದು ಎಲ್ಲಕ್ಕಿಂತ ಮುಖ್ಯ. ಜೇಬಿನಲ್ಲಿ ಒಂದು ಸಾದಾ ಮೊಳೆ ಇರಲಿ. ಅಲ್ಲಲ್ಲಿ ಕುಳಿತು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಕಷ್ಟಪಟ್ಟು ತುಸುವೇ ಇಳಿದರೆ 6, ಸಲೀಸಾಗಿ ಇಳಿದು ಬಿಗಿಯಾಗಿ ನಿಂತರೆ 9, ಇಳಿದ ಮೇಲೂ ಅತ್ತಿತ್ತ ಅಲುಗಿದರೆ 12 ಅಥವಾ 15. ಇಳಿಯದೇ ಹೋದರೆ ಸಾದಾ ಬೂಟು. ಇದು ಅಂದಾಜಿನ ಅಳತೆ, ಆದರೆ ಮೋಡ ನೋಡಿ ಹೇಳುವುದಕ್ಕಿಂತ ಮೇಲು. ಹಾದಿಯಲ್ಲಿ ನಾಲ್ಕು ಬಗೆಯ ನೆಲವಿದ್ದರೆ ಅತಿ ಗಟ್ಟಿಯಾದದ್ದಕ್ಕೆ ಹೊಂದಿಸಬೇಕೇ ಹೊರತು ಅತಿ ಮೆತ್ತಗಿನದಕ್ಕಲ್ಲ. ಕೆಸರಿನಲ್ಲಿ ಜಾರಿ ಬಿದ್ದವಳು ಎದ್ದು ಓಡುತ್ತಾಳೆ, ಕಲ್ಲಿನ ಮೇಲೆ ಹರಡು ಹೊರಳಿದವಳು ಓಡಲಾರಳು.

ಮಂಗಳೂರಿನ ಗಾಳಿಯಲ್ಲಿ ಉಪ್ಪು ಮತ್ತು ತೇವ ಎರಡೂ ಇರುವುದರಿಂದ ಉಕ್ಕಿನ ಮೊಳೆ ಬೇಗ ತುಕ್ಕು ಹಿಡಿದು ತಿರುಪಿನಲ್ಲೇ ಕಚ್ಚಿಕೊಳ್ಳುತ್ತದೆ. ಓಟ ಮುಗಿದ ದಿನವೇ ಬಿಚ್ಚಿ ತೊಳೆದು ಒರೆಸಿ, ತಿರುಪಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿಡಬೇಕು. ಒದ್ದೆ ಬೂಟನ್ನು ಬಚ್ಚಲೊಲೆಯ ಮೇಲೆ ಒಣಗಿಸಿದರೆ ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡುವುದು ಸರಿ. ಓದಿಯಾದ ಮೇಲೆ ಈ ಪುಟವೂ ಆದೀತು.

ಸದ್ಯಕ್ಕೆ ಆ ಹುಡುಗಿಯ ಚೀಲದಲ್ಲಿ 9 ಮಿ.ಮೀ. ಹಾಕಿದ ಜೋಡಿ, 6 ಮತ್ತು 12ರ ಒಂದೊಂದು ಸೆಟ್ ಮೊಳೆ, ಹಳೆಯ ಸಾದಾ ಬೂಟು, ಮೊಳೆ ಬಿಚ್ಚುವ ಕೀಲಿ ಇದ್ದರೆ ಯಾವ ಮೈದಾನಕ್ಕೆ ಕರೆದರೂ ಹೋಗಬಹುದು. ಎರಡೂ ಬೂಟು ಸೇರಿ ಹನ್ನೆರಡು ಮೊಳೆ ಬದಲಿಸುವುದು ರೂಢಿಯಾದವರಿಗೆ ಹತ್ತು ನಿಮಿಷದ ಕೆಲಸ. ಹಿಂದಿನ ರಾತ್ರಿ ಮನೆಯ ಜಗಲಿಯಲ್ಲಿ ಕುಳಿತು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಕೀಲಿಯನ್ನು ಯಾವ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆಂದು ತಂದೆ ಮಗಳ ನಡುವೆ ವಾದ ನಡೆಯುವುದಿದ್ದರೆ ಅದು ಅಲ್ಲೇ ಮುಗಿಯಲಿ.